ಒಳಗಿನಿಂದ ಮಾತ್ರ ತೆರೆಯುವ ಬಾಗಿಲು



ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಅಂಚಿನಲ್ಲಿ ಸರ್ನ್ ಎಂಬ ಹೆಸರಾಂತ ಭೌತವಿಜ್ಞಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ದುಡಿದ ಒಂದು ಹಳೆಯ ಕಪ್ಪು ಕಂಪ್ಯೂಟರನ್ನು ಇಂದಿಗೂ ಜೋಪಾನವಾಗಿ ಉಳಿಸಿಕೊಂಡು ಬರಲಾಗಿದೆ. ಅದರ ಮೈಗೆ ಅಂಟಿಸಿದ ಚೀಟಿಯಲ್ಲಿ ಕೆಂಪು ಶಾಯಿಯ ಕೈಬರಹದ ಒಂದು ಎಚ್ಚರಿಕೆ ಇದೆ: ಈ ಯಂತ್ರ ಒಂದು ಸರ್ವರ್, ಇದನ್ನು ಆಫ್ ಮಾಡಬೇಡಿ! 1990ರ ಕೊನೆಯಲ್ಲಿ ಜಗತ್ತಿನ ಮೊಟ್ಟಮೊದಲ ವೆಬ್ ಸರ್ವರ್ ಆಗಿ ಕೆಲಸ ಮಾಡಿದ್ದು ಇದೇ ಯಂತ್ರ. ಅದು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಅವರ ಸ್ವಂತ ಕೆಲಸದ ಕಂಪ್ಯೂಟರ್. ಸಂಜೆ ಮನೆಗೆ ಹೊರಡುವ ಯಾರಾದರೂ ಅಭ್ಯಾಸಬಲದಿಂದ ಸ್ವಿಚ್ ಒತ್ತಿಬಿಟ್ಟರೆ ಇಡೀ ‘ವಿಶ್ವವ್ಯಾಪಿ ಜಾಲ’ವೇ ನಂದಿಹೋಗುವ ಕಾಲ ಅದು.

ಈ ಚೀಟಿಯನ್ನು ಕಂಡು ನಗುವುದು ಸುಲಭ. ಆದರೆ ಅದು ಹೇಳುವ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ವೆಬ್ ಹುಟ್ಟಿದ್ದು ಯಾವುದೋ ದೊಡ್ಡ ಕಂಪನಿಯ ತಣ್ಣಗಿನ ಯಂತ್ರಾಗಾರದಲ್ಲಿ ಅಲ್ಲ, ಒಬ್ಬ ನೌಕರನ ಮೇಜಿನ ಮೇಲೆ. ಓದುವ ಯಂತ್ರವೂ ಅದೇ, ಬಡಿಸುವ ಯಂತ್ರವೂ ಅದೇ. ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರಿನಲ್ಲಿ ಪುಟಗಳನ್ನು ಓದುವುದಷ್ಟೇ ಅಲ್ಲ, ತಿದ್ದಲೂ ಬರೆಯಲೂ ಅವಕಾಶವಿತ್ತು. ಅಂದರೆ ಜಾಲಕ್ಕೆ ಸೇರಿದ ಪ್ರತಿಯೊಬ್ಬನೂ ಕೇಳುಗನೂ ಹೌದು, ಹೇಳುವವನೂ ಹೌದು ಎಂಬುದು ಮೂಲ ಕಲ್ಪನೆ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಯಾವುದೇ ಶುಲ್ಕವಿಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು.

ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಿಂದ ಒಂದು ವಿಚಿತ್ರ ದೃಶ್ಯ ವೆಬ್‌ಗೆ ಬಂತು. ಅಲ್ಲಿ ಕಾಫಿ ಕಾಸುವ ಪಾತ್ರೆ ಒಂದು ಕೋಣೆಯಲ್ಲಿ, ಕುಡಿಯುವವರು ಬೇರೆ ಬೇರೆ ಮಹಡಿಗಳಲ್ಲಿ. ಮೆಟ್ಟಿಲಿಳಿದು ಬಂದರೆ ಪಾತ್ರೆ ಖಾಲಿ! ಈ ಗೋಳು ತಪ್ಪಿಸಲು 1991ರಲ್ಲಿ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ಚಿತ್ರವನ್ನು ಒಳಗಿನ ಕಂಪ್ಯೂಟರುಗಳಿಗೆ ಕಳಿಸುವ ಏರ್ಪಾಟಾಗಿತ್ತು. 1993ರಲ್ಲಿ ಅದೇ ಚಿತ್ರ ವೆಬ್‌ಗೆ ಬಂದಾಗ ಎಲ್ಲೆಲ್ಲಿನವರೋ ಆ ಮಸುಕು ಕಾಫಿಪಾತ್ರೆಯನ್ನು ಇಣುಕಿ ನೋಡತೊಡಗಿದರು. 2001ರ ಆಗಸ್ಟ್‌ನಲ್ಲಿ ಅದನ್ನು ನಿಲ್ಲಿಸಿದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಯಾರ ಅನುಮತಿಯನ್ನೂ ಕೇಳದೆ, ಯಾರಿಗೂ ಬಾಡಿಗೆ ಕೊಡದೆ, ತಾನಿರುವ ಕಡೆಯಿಂದಲೇ ಜಗತ್ತಿಗೆ ಏನನ್ನಾದರೂ ತೋರಿಸುವುದು ಆಗ ಸಹಜ ಸಂಗತಿಯಾಗಿತ್ತು.

ಇಂದು ಸಾಧಾರಣ ಮನೆಯ ಕಂಪ್ಯೂಟರಿಗೂ ಆ ಕಪ್ಪು ಯಂತ್ರಕ್ಕಿಂತ ಅನೇಕ ಪಟ್ಟು ಶಕ್ತಿ ಇದೆ. ಇಂಟರ್‌ನೆಟ್ ಸಂಪರ್ಕವೂ ದಿನದ 24 ಗಂಟೆ ಇರುತ್ತದೆ. ಆದರೂ ಒಬ್ಬ ಗೃಹಸ್ಥ ತನ್ನ ಮನೆಯ ಕಂಪ್ಯೂಟರಿನಿಂದಲೇ ಒಂದು ಜಾಲತಾಣ ನಡೆಸಲು ಹೊರಟರೆ, ಹೊರಗಿನವರಾರಿಗೂ ಅದು ಕಾಣಿಸುವುದಿಲ್ಲ. ಅಡ್ಡ ನಿಂತಿರುವುದು ಗೋಡೆಯಲ್ಲಿ ಮಿಣುಕು ದೀಪಗಳನ್ನು ಹೊತ್ತು ಕೂತ ಆ ಚಿಕ್ಕ ಪೆಟ್ಟಿಗೆ, ರೌಟರ್. ಅದು ಏಕೆ ಅಡ್ಡ ನಿಂತಿತು ಎಂಬುದಕ್ಕೆ ಒಂದು ಚರಿತ್ರೆ ಇದೆ.

ವಠಾರದ ಲೆಕ್ಕ

ಇಂಟರ್‌ನೆಟ್‌ಗೆ ಸೇರುವ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸ ಬೇಕು. ಅದೇ ಐಪಿ ವಿಳಾಸ. ಇಂದಿಗೂ ಬಳಕೆಯಲ್ಲಿರುವ ಹಳೆಯ ಪದ್ಧತಿಯ ನಿಯಮಾವಳಿ 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅದರಂತೆ ವಿಳಾಸದ ಉದ್ದ 32 ಬಿಟ್. ಹಾಗೆಂದರೆ ಒಟ್ಟು ವಿಳಾಸಗಳು 429 ಕೋಟಿಗೆ ಸ್ವಲ್ಪ ಹೆಚ್ಚು. ಕೆಲವೇ ನೂರು ಕಂಪ್ಯೂಟರುಗಳ ಜಾಲಕ್ಕೆ ಇದು ಸಮುದ್ರದಷ್ಟು ನೀರಾಗಿ ಕಂಡಿತು. ಆದ್ದರಿಂದ ಹಂಚುವಾಗಲೂ ಕೈ ಬಿಗಿ ಹಿಡಿಯಲಿಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೆ, ಕಂಪನಿಗಳಿಗೆ ತಲಾ 1 ಕೋಟಿ 67 ಲಕ್ಷ ವಿಳಾಸಗಳ ಇಡಿಯ ಗುಂಪುಗಳೇ ಸಿಕ್ಕವು. ಮೊದಲು ಬಂದವರು ದೊಡ್ಡ ದೊಡ್ಡ ಹೊಲಗಳಿಗೆ ಬೇಲಿ ಹಾಕಿಕೊಂಡರು. ಹಿಂದೆ ಬಂದ ದೇಶಗಳಿಗೆ ಉಳಿದದ್ದು ತುಂಡು ನೆಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2000ದಲ್ಲಿ ತನ್ನ ಗುಂಪನ್ನು ಹಿಂದಿರುಗಿಸಿತು ಎಂಬುದು ಮೆಚ್ಚತಕ್ಕ ಮಾತಾದರೂ, ಅಂಥವರು ವಿರಳ.

1990ರ ದಶಕದ ಆರಂಭದಲ್ಲೇ ಲೆಕ್ಕ ತಪ್ಪಿದ್ದು ತಜ್ಞರಿಗೆ ಅರಿವಾಯಿತು. ಈ ವೇಗದಲ್ಲಿ ಹೋದರೆ ವಿಳಾಸಗಳು ಮುಗಿದುಹೋಗುತ್ತವೆ. ಹೊಸ, ಉದ್ದನೆಯ ವಿಳಾಸ ಪದ್ಧತಿ ರೂಪುಗೊಳ್ಳಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಏನು ಗತಿ? 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ತಂತ್ರಜ್ಞರು ಒಂದು ಉಪಾಯವನ್ನು ಮುಂದಿಟ್ಟರು. ಅದೇ ‘ವಿಳಾಸ ಭಾಷಾಂತರ’, ಚಿಕ್ಕದಾಗಿ ನ್ಯಾಟ್. ಮನೆಯೊಳಗಿನ, ಕಚೇರಿಯೊಳಗಿನ ಯಂತ್ರಗಳಿಗೆ ಖಾಸಗಿ ವಿಳಾಸಗಳು; ಹೊರಗಿನ ಜಗತ್ತಿಗೆ ಎಲ್ಲರದೂ ಸೇರಿ ಒಂದೋ ಎರಡೋ ವಿಳಾಸ. ಮನೆಗಳ ರೌಟರುಗಳಲ್ಲಿ ಕಾಣುವ 192.168 ಎಂದು ಆರಂಭವಾಗುವ ಸಂಖ್ಯೆಗಳು ಇಂಥ ಖಾಸಗಿ ವಿಳಾಸಗಳೇ.

ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳ ವಠಾರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಎಂಟು ಹತ್ತು ಸಂಸಾರ. ಬೀದಿಗೆ ಒಂದೇ ಗೇಟು, ಒಂದೇ ಡೋರ್ ನಂಬರು. ಆ ಗೇಟಿನಲ್ಲಿ ಒಬ್ಬ ಗುಮಾಸ್ತ ಕೂತಿದ್ದಾನೆ ಎಂದಿಟ್ಟುಕೊಳ್ಳಿ. ನಾಲ್ಕನೇ ಮನೆಯ ಹುಡುಗ ಊರ ಲೈಬ್ರರಿಗೆ ಒಂದು ಕಾಗದ ಬರೆಯುತ್ತಾನೆ. ಗುಮಾಸ್ತ ಅದರ ಮೇಲಿನ ‘ನಾಲ್ಕನೇ ಮನೆ’ಯನ್ನು ಹೊಡೆದುಹಾಕಿ ವಠಾರದ ನಂಬರು ಬರೆಯುತ್ತಾನೆ, ಪಕ್ಕದಲ್ಲಿ ಒಂದು ಕ್ರಮಸಂಖ್ಯೆ ಸೇರಿಸುತ್ತಾನೆ, ‘ಈ ಕ್ರಮಸಂಖ್ಯೆ ನಾಲ್ಕನೇ ಮನೆಯದು’ ಎಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡಿ ಸರಿಯಾದ ಮನೆಗೆ ತಲುಪಿಸುತ್ತಾನೆ. ರೌಟರ್ ಮಾಡುವುದೂ ಇಷ್ಟನ್ನೇ, ಸೆಕೆಂಡಿಗೆ ಸಾವಿರಾರು ಬಾರಿ.

ಆದರೆ ಯಾರೂ ಕೇಳದೆ ಹೊರಗಿನಿಂದ ತಾನಾಗಿ ಒಂದು ಕಾಗದ ಬಂದರೆ? ಪುಸ್ತಕದಲ್ಲಿ ಅದರ ಗುರುತಿಲ್ಲ. ಯಾವ ಮನೆಗೆ ಕೊಡಬೇಕೆಂದು ಗುಮಾಸ್ತನಿಗೆ ತಿಳಿಯದು. ಕಾಗದ ಕಸದ ಬುಟ್ಟಿ ಸೇರುತ್ತದೆ. ಹೀಗಾಗಿ ವಠಾರದವರು ಹೊರಗಿನವರನ್ನು ಮಾತನಾಡಿಸಬಹುದು, ಹೊರಗಿನವರು ವಠಾರದವರನ್ನು ಮಾತನಾಡಿಸುವಂತಿಲ್ಲ. ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ. ವೆಬ್ ಸರ್ವರ್ ಎಂದರೆ ಹೊರಗಿನಿಂದ ಬರುವ ಕರೆಗೆ ಓಗೊಡುವ ಯಂತ್ರ. ಕರೆಯೇ ತಲುಪದ ಮೇಲೆ ಅದು ಓಗೊಡುವುದು ಯಾರಿಗೆ?

ಈ ಉಪಾಯ ಶಾಶ್ವತ ಪರಿಹಾರವಲ್ಲ, ಇದರಲ್ಲಿ ದೋಷಗಳಿವೆ ಎಂದು 1994ರ ಬರಹದಲ್ಲಿ ಕರ್ತೃಗಳೇ ಎಚ್ಚರಿಸಿದ್ದರು. ಸೋರುವ ಮಾಡಿಗೆ ಮಳೆಗಾಲ ಕಳೆಯುವತನಕ ಹೊದಿಸಿದ ತಾಡಪಾಲು ಅದು. ಆದರೆ ತಾಡಪಾಲೇ ಮಾಡಾಗಿ ಮೂರು ದಶಕ ಕಳೆದಿದೆ.

ಮಳೆ ಲೆಕ್ಕದ ಪುಸ್ತಕ

ಮಲೆನಾಡು, ಕರಾವಳಿಯ ಅನೇಕ ಅಡಿಕೆ ಬೆಳೆಗಾರರಿಗೆ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬೆಳಿಗ್ಗೆ ಮಿಲಿಮೀಟರ್ ಲೆಕ್ಕ ಬರೆದಿಡುವ ಅಭ್ಯಾಸವಿದೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವ ಹೊತ್ತಿಗೆ ಈ ಲೆಕ್ಕ ನೆರೆಹೊರೆಗೂ ಬೇಕಾಗುತ್ತದೆ. ಅಂಥ ಒಂದು ಮನೆಯ ಯಜಮಾನರು ತಮ್ಮ 30 ವರ್ಷಗಳ ಮಳೆ ಪುಸ್ತಕವನ್ನು ಯಾರು ಬೇಕಾದರೂ ನೋಡುವಂತೆ ಮನೆಯಿಂದಲೇ ಜಾಲದಲ್ಲಿ ಇಡಲು ಬಯಸಿದರು ಎಂದು ಊಹಿಸಿಕೊಳ್ಳೋಣ. ಅವರು ಮಾಡಬೇಕಾದದ್ದೇನು?

ಮೊದಲು ಯಂತ್ರ. ಇದಕ್ಕೆ ಹಳೆಯ ಕಂಪ್ಯೂಟರ್ ಸಾಕು. 2012ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ರಾಸ್‌ಬೆರಿ ಪೈ ಎಂಬ, ಅಂಗೈ ಮೇಲೆ ಕೂರುವ ಕಂಪ್ಯೂಟರ್ ಆದರೂ ಆದೀತು. ಅದು ಉರಿಸುವ ವಿದ್ಯುತ್ತು ಒಂದು ಎಲ್‌ಇಡಿ ಬಲ್ಬಿನಷ್ಟು. ತಂತ್ರಾಂಶಕ್ಕೂ ಹಣ ಕೊಡಬೇಕಾಗಿಲ್ಲ. ಲಿನಕ್ಸ್ 1991ರಿಂದ, ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ 1995ರಿಂದ ಉಚಿತವಾಗಿ ದೊರೆಯುತ್ತಿವೆ. ಅಪಾಚೆಯಂತೂ ಹೊರಬಂದ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ಸರ್ವರ್ ತಂತ್ರಾಂಶವಾಯಿತು. ನಾಲ್ಕಾರು ಪುಟಗಳ ಮಳೆ ಲೆಕ್ಕಕ್ಕೆ ಇಷ್ಟು ಧಾರಾಳ.

ಎರಡನೆಯದು ಮನೆಯೊಳಗಿನ ವಿಳಾಸ. ರೌಟರ್ ಸಾಮಾನ್ಯವಾಗಿ ಒಳಗಿನ ಯಂತ್ರಗಳಿಗೆ ಆಗಾಗ ಬೇರೆ ಬೇರೆ ವಿಳಾಸ ಹಂಚುತ್ತಿರುತ್ತದೆ. ಸರ್ವರ್ ಇರುವ ಯಂತ್ರಕ್ಕೆ ಮಾತ್ರ ಸದಾ ಒಂದೇ ವಿಳಾಸ ಕೊಡುವಂತೆ ರೌಟರಿನಲ್ಲಿ ಗೊತ್ತುಪಡಿಸಬೇಕು. ಇವತ್ತು ನಾಲ್ಕನೇ ಮನೆಯಲ್ಲಿದ್ದವರು ನಾಳೆ ಏಳನೆಯದಕ್ಕೆ ಹೋದರೆ ಬಂದ ನೆಂಟರು ಎಲ್ಲಿ ಹುಡುಕಬೇಕು?

ಮೂರನೆಯದೇ ಮುಖ್ಯವಾದದ್ದು. ಗೇಟಿನ ಗುಮಾಸ್ತನಿಗೆ ಒಂದು ಕಾಯಂ ಸೂಚನೆ ಬರೆದುಕೊಡಬೇಕು: ‘ಮಳೆ ಲೆಕ್ಕ ಕೇಳಿಕೊಂಡು ಯಾರೇ ಬಂದರೂ ನಾಲ್ಕನೇ ಮನೆಗೆ ಕಳಿಸು.’ ತಾಂತ್ರಿಕ ಭಾಷೆಯಲ್ಲಿ ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ಒಂದೇ ವಿಳಾಸದಲ್ಲಿ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಕಿಟಕಿಗಳಿರುತ್ತವೆ. ಅಂಚೆ ಕಚೇರಿಯಲ್ಲಿ ಸ್ಟಾಂಪಿಗೊಂದು, ಮನಿಯಾರ್ಡರಿಗೊಂದು ಇದ್ದಂತೆ. ಈ ಕಿಟಕಿಗಳೇ ಪೋರ್ಟುಗಳು. ಸಾದಾ ವೆಬ್ ಪುಟಗಳ ಕಿಟಕಿಯ ಸಂಖ್ಯೆ 80, ಗೂಢಲಿಪಿಯ ರಕ್ಷಣೆಯಿರುವ ಪುಟಗಳದ್ದು 443. ಈ ಎರಡು ಸಂಖ್ಯೆಗಳಿಗೆ ಬರುವ ಕರೆಗಳನ್ನು ಸರ್ವರಿಗೆ ದಾಟಿಸು ಎಂದು ರೌಟರಿನ ಪುಟದಲ್ಲಿ ಎರಡು ಸಾಲು ತುಂಬಿದರೆ ಆಯಿತು. ಉಳಿದ ಕಿಟಕಿಗಳು ಮುಚ್ಚಿಯೇ ಇರುತ್ತವೆ.

ನಾಲ್ಕನೆಯದು ಹೊರಗಿನ ವಿಳಾಸ. ಸಂಪರ್ಕ ಕೊಡುವ ಕಂಪನಿಗಳು ಗೃಹಬಳಕೆಯ ಗ್ರಾಹಕರಿಗೆ ಕಾಯಂ ವಿಳಾಸ ಕೊಡುವುದು ಅಪರೂಪ. ಒಮ್ಮೆ ಕರೆಂಟು ಹೋಗಿ ಬಂದರೆ ವಠಾರದ ಡೋರ್ ನಂಬರೇ ಬದಲಾಗಿರಬಹುದು. ಇದಕ್ಕೆ ‘ಡೈನಾಮಿಕ್ ಡಿಎನ್‌ಎಸ್’ ಎಂಬ ಸೇವೆ ಇದೆ. ಮನೆಯ ಯಂತ್ರವೇ ಆಗಾಗ ಈ ಸೇವೆಗೆ ‘ಈಗ ವಿಳಾಸ ಇಂತಿದೆ’ ಎಂದು ವರದಿ ಒಪ್ಪಿಸುತ್ತದೆ. ಹೊರಗಿನವರು ಹೆಸರಿನಿಂದ ಹುಡುಕಿದಾಗ ಆ ಸೇವೆ ಹೊಸ ವಿಳಾಸ ತೋರಿಸುತ್ತದೆ. ಮನೆ ಬದಲಿಸುವ ಬಾಡಿಗೆದಾರ ಬೀದಿ ಮೂಲೆಯ ಅಂಗಡಿಯಲ್ಲಿ ಹೊಸ ವಿಳಾಸ ಹೇಳಿ ಹೋದಂತೆ.

ಇಷ್ಟಾದ ಮೇಲೆ ಯಜಮಾನರು ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಕೂತು ತಮ್ಮ ತಾಣದ ಹೆಸರು ಒತ್ತಿ ನೋಡುತ್ತಾರೆ. ಏನೂ ಕಾಣುವುದಿಲ್ಲ! ಅನೇಕರು ಎದೆಗುಂದುವುದು ಇಲ್ಲಿಯೇ. ದೋಷ ಸರ್ವರಿನದಲ್ಲದಿರಬಹುದು. ತನ್ನದೇ ಗೇಟಿನಿಂದ ಹೊರಹೋಗಿ ಅದೇ ಗೇಟಿನಿಂದ ಒಳಬರುವ ಕಾಗದವನ್ನು ಹೇಗೆ ನಿಭಾಯಿಸಬೇಕೆಂದು ಎಷ್ಟೋ ರೌಟರುಗಳಿಗೆ ತಿಳಿಯದು. ಮನೆಯ ವೈಫೈ ಬಿಟ್ಟು ಮೊಬೈಲಿನ ಡೇಟಾ ಬಳಸಿ, ಇಲ್ಲವೇ ಪಕ್ಕದೂರಿನ ಸ್ನೇಹಿತರಿಂದ ನೋಡಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ತೂಬು ಕಿರಿದು, ಕಾಲುವೆ ಅಗಲ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ದೂರವಾಣಿಗೆ ಮೋಡೆಮ್ ಜೋಡಿಸಿ, ಸಂಖ್ಯೆ ತಿರುಗಿಸಿ, ಅದರ ಕೀರಲು ದನಿ ಕೇಳುತ್ತ ಕಾಯಬೇಕಿತ್ತು. ಗಂಟೆಗಳ ಲೆಕ್ಕದಲ್ಲಿ ಹಣ. ಸಂಪರ್ಕದಲ್ಲಿದ್ದಷ್ಟು ಹೊತ್ತು ಮನೆಗೆ ಫೋನು ಬರುವಂತಿಲ್ಲ. ಇಂಥ ಸ್ಥಿತಿಯಲ್ಲಿ ಮನೆಯಲ್ಲಿ ಸರ್ವರ್ ಇಡುವ ಯೋಚನೆ ಯಾರಿಗೆ ಬಂದೀತು? 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಸದಾ ಜೀವಂತ ಸಂಪರ್ಕ ಸಾಮಾನ್ಯರ ಮನೆಗೆ ಬಂತು.

ಆದರೆ ದೂರವಾಣಿಯ ತಾಮ್ರದ ತಂತಿಯ ಮೇಲೆ ನಡೆಯುತ್ತಿದ್ದ ಆ ತಂತ್ರದ ಹೆಸರಿನಲ್ಲೇ ‘ಅಸಮ’ ಎಂಬ ಮಾತಿತ್ತು. ಮನೆಗೆ ಇಳಿದು ಬರುವ ಮಾಹಿತಿಯ ವೇಗ ಹೆಚ್ಚು, ಮನೆಯಿಂದ ಏರಿ ಹೋಗುವ ವೇಗ ಅದರ ಒಂದು ಪಾಲು ಮಾತ್ರ. ಕೆರೆಗೆ ನೀರು ತರುವ ಕಾಲುವೆ ಅಗಲ, ತೂಬು ಕಿರಿದು. ಗ್ರಾಹಕ ಎಂದರೆ ಪಡೆಯುವವನು, ಕೊಡುವವನಲ್ಲ ಎಂಬ ಎಣಿಕೆಯೇ ಈ ವಿನ್ಯಾಸದ ಹಿಂದೆ ಇತ್ತು. ಆ ಬಳಿಕ ಬಂದ ಬೆಳಕಿನ ಎಳೆಯ ತಂತಿಗಳು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿವೆ. ತೂಬು ಈಗ ಸಾಕಷ್ಟು ಅಗಲವಾಗಿದೆ. ಆದರೆ ಅಷ್ಟರಲ್ಲಿ ಇನ್ನೊಂದು ಗೋಡೆ ಎದ್ದಿತ್ತು.

ವಠಾರದೊಳಗೊಂದು ವಠಾರ

2011ರ ಫೆಬ್ರುವರಿ 3ರಂದು ಜಗತ್ತಿನ ವಿಳಾಸಗಳ ಕೇಂದ್ರ ಉಗ್ರಾಣ ಬರಿದಾಯಿತು. ಕೊನೆಯ ಐದು ಗುಂಪುಗಳನ್ನು ಐದು ಭೂಭಾಗಗಳ ಸಂಸ್ಥೆಗಳಿಗೆ ಹಂಚಿ ಕೈತೊಳೆದುಕೊಂಡದ್ದಾಯಿತು. ಅದೇ ಏಪ್ರಿಲ್‌ನಲ್ಲಿ ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ಭಾಗದ ಸಂಸ್ಥೆ ತನ್ನ ಕೊನೆಯ ಗುಂಪಿಗೆ ಕೈ ಹಾಕಿ ಪಡಿತರ ಪದ್ಧತಿ ಜಾರಿಗೆ ತಂದಿತು. ಅಂದರೆ ಭಾರತದಲ್ಲಿ ಕೋಟಿ ಕೋಟಿ ಜನ ಇಂಟರ್‌ನೆಟ್‌ಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ವಿಳಾಸಗಳು ಮುಗಿದಿದ್ದವು.

ಸಂಪರ್ಕ ಕೊಡುವ ಕಂಪನಿಗಳು ಕಂಡುಕೊಂಡ ದಾರಿ ಹಳೆಯದೇ, ಪ್ರಮಾಣ ಮಾತ್ರ ದೊಡ್ಡದು. ಒಂದು ಮನೆಯ ಯಂತ್ರಗಳಿಗೆ ಒಂದು ವಿಳಾಸ ಎಂಬುದರ ಬದಲು ನೂರಾರು ಮನೆಗಳಿಗೆ ಒಂದು ವಿಳಾಸ. ಇದಕ್ಕೆಂದೇ 2012ರ ಏಪ್ರಿಲ್‌ನಲ್ಲಿ ಸುಮಾರು 42 ಲಕ್ಷ ವಿಳಾಸಗಳನ್ನು ಪ್ರತ್ಯೇಕವಾಗಿ ಎತ್ತಿಡಲಾಯಿತು. ಅವು 100.64ರಿಂದ 100.127ರವರೆಗಿನ ಸಂಖ್ಯೆಗಳಿಂದ ಆರಂಭವಾಗುತ್ತವೆ. ಮನೆಯ ರೌಟರಿನ ಹೊರಮುಖದಲ್ಲಿ ಇಂಥ ಸಂಖ್ಯೆ ಕಂಡರೆ ಆ ಮನೆ ದೊಡ್ಡ ವಠಾರವೊಂದರ ಒಳಗಿನ ಚಿಕ್ಕ ವಠಾರ ಎಂದೇ ಅರ್ಥ.

ಮಳೆ ಲೆಕ್ಕದ ಯಜಮಾನರು ತಮ್ಮ ಗುಮಾಸ್ತನಿಗೆ ಎಷ್ಟೇ ಸೂಚನೆ ಬರೆದುಕೊಟ್ಟರೂ ಈಗ ಪ್ರಯೋಜನವಿಲ್ಲ. ಬೀದಿಯ ಹೆಬ್ಬಾಗಿಲಿನಲ್ಲಿ ಕೂತವನು ಕಂಪನಿಯ ಗುಮಾಸ್ತ. ಅವನ ಪುಸ್ತಕದಲ್ಲಿ ಗ್ರಾಹಕ ಒಂದಕ್ಷರವನ್ನೂ ಬರೆಯುವಂತಿಲ್ಲ. ಇಲ್ಲಿ ಬಾಗಿಲು ಮುಚ್ಚಿದ್ದು ಕಾಯಿದೆಯಲ್ಲ, ತಂತ್ರದ ದೌರ್ಬಲ್ಯವೂ ಅಲ್ಲ. ಹಿಂದಿನ ಹಂಚಿಕೆಯ ಲೆಕ್ಕದಲ್ಲಿ ತಡವಾಗಿ ಬಂದವರ ಪಾಲಿಗೆ ಉಳಿದ ಕೊರತೆ ಅದು.

ಪಾರಾಗುವ ಮೂರು ದಾರಿಗಳಿವೆ. ಒಂದು, ಹೆಚ್ಚುವರಿ ಹಣ ಕೊಟ್ಟು ಕಂಪನಿಯಿಂದ ಕಾಯಂ ವಿಳಾಸ ಪಡೆಯುವುದು. ಎರಡು, ಹೊರಗೆ ಎಲ್ಲಾದರೂ ಸಾರ್ವಜನಿಕ ವಿಳಾಸವಿರುವ ಒಂದು ಯಂತ್ರದ ನೆರವು ಪಡೆದು, ಮನೆಯಿಂದ ಅಲ್ಲಿಗೆ ಒಂದು ಸುರಂಗ ತೋಡಿಕೊಳ್ಳುವುದು. ಬಾಗಿಲು ಒಳಗಿನಿಂದ ತೆರೆಯುತ್ತದಲ್ಲವೇ? ಮನೆಯ ಯಂತ್ರವೇ ಮೊದಲು ಹೊರಗಿನದಕ್ಕೆ ಕರೆ ಹಚ್ಚಿ ಆ ಸಂಪರ್ಕವನ್ನು ಕಡಿಯದೆ ಹಿಡಿದುಕೊಳ್ಳುತ್ತದೆ. ಬಂದವರು ಆ ಸುರಂಗದ ಮೂಲಕ ಒಳಗೆ ತಲುಪುತ್ತಾರೆ. ಆದರೆ ಸುರಂಗದ ಇನ್ನೊಂದು ತುದಿ ಬೇರೆಯವರ ಕೈಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದೇ ನಿಜವಾದ ಪರಿಹಾರ. 1994ರಲ್ಲಿ ‘ಅಲ್ಲಿಯವರೆಗೆ’ ಎಂದು ಕಾಯುತ್ತಿದ್ದ ಹೊಸ ವಿಳಾಸ ಪದ್ಧತಿಯ ಮೊದಲ ನಿಯಮಾವಳಿ 1995ರ ಡಿಸೆಂಬರಿನಲ್ಲೇ ಪ್ರಕಟವಾಯಿತು. ಅದೇ ಐಪಿ ಆರನೆಯ ಆವೃತ್ತಿ. ಅದರ ವಿಳಾಸದ ಉದ್ದ 128 ಬಿಟ್. ಒಟ್ಟು ವಿಳಾಸಗಳನ್ನು ಬರೆದರೆ 39 ಅಂಕಿಗಳ ಸಂಖ್ಯೆ! ಒಂದೊಂದು ಮನೆಗೂ ಹಳೆಯ ಇಡೀ ಇಂಟರ್‌ನೆಟ್‌ಗಿಂತ ಹೆಚ್ಚು ವಿಳಾಸ ಕೊಟ್ಟರೂ ಉಗ್ರಾಣ ಬರಿದಾಗದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಈ ಪದ್ಧತಿ ನಮ್ಮಲ್ಲಿ ಬಹುಬೇಗ ಹರಡಿತು. ಭಾರತದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗ ಅದನ್ನು ತಿಳಿದೋ ತಿಳಿಯದೆಯೋ ಬಳಸುತ್ತಿದ್ದಾರೆ. ಹಳೆಯ ಹಂಚಿಕೆಯಲ್ಲಿ ಹಿಂದುಳಿದ ದೇಶ ಹೊಸದರಲ್ಲಿ ಮುಂದಿನ ಸಾಲಿನಲ್ಲಿದೆ. ಇಲ್ಲಿ ವಠಾರವಿಲ್ಲ, ಪ್ರತಿ ಮನೆಗೂ ಬೀದಿಗೆ ಬಾಗಿಲು. ರೌಟರಿನ ಕಾವಲು ನಿಯಮದಲ್ಲಿ ಸರ್ವರಿಗೆ ಮಾತ್ರ ಅನುಮತಿ ಬರೆದರಾಯಿತು. ಆದರೆ ನೋಡಬಂದವರ ಸಂಪರ್ಕ ಇನ್ನೂ ಹಳೆಯ ಪದ್ಧತಿಯಲ್ಲೇ ಇದ್ದರೆ ಅವರಿಗೆ ಈ ಬಾಗಿಲು ಕಾಣಿಸದು.

ಚಿಲಕದ ಮಾತು

ಬಾಗಿಲು ತೆರೆದ ಮೇಲೆ ನೆಂಟರು ಮಾತ್ರ ಬರುತ್ತಾರೆಂಬ ಭರವಸೆ ಇಲ್ಲ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು, ಒಂದೇ ಕಂಪ್ಯೂಟರಿನಿಂದ ಹಳೆಯ ಪದ್ಧತಿಯ ಸಾರ್ವಜನಿಕ ವಿಳಾಸಗಳೆಲ್ಲದರ ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ಬರಬಹುದೆಂದು ತೋರಿಸಿದರು. ‘ನಮ್ಮ ಮನೆ ಮೂಲೆಯಲ್ಲಿದೆ, ಯಾರು ಬರುತ್ತಾರೆ?’ ಎಂಬ ಮಾತಿಗೆ ಇಂಟರ್‌ನೆಟ್‌ನಲ್ಲಿ ಅರ್ಥವಿಲ್ಲ.

2016ರ ಪ್ರಕರಣ ಇದಕ್ಕೆ ಸಾಕ್ಷಿ. ಮಿರಾಯ್ ಎಂಬ ಕುತಂತ್ರಾಂಶ ಮನೆಮನೆಗಳ ಕ್ಯಾಮೆರಾ, ರೌಟರು, ವಿಡಿಯೊ ಮುದ್ರಕಗಳ ಬಾಗಿಲು ತಟ್ಟುತ್ತ ಹೋಯಿತು. ಅದರ ಬಳಿ ಇದ್ದದ್ದು ಸುಮಾರು 60 ಬೀಗದ ಕೈಗಳು ಮಾತ್ರ. ಅವು ಕಾರ್ಖಾನೆಯಲ್ಲೇ ಹಾಕಿ ಕಳಿಸಿದ, ಕೊಂಡವರು ಬದಲಾಯಿಸದೆ ಬಿಟ್ಟ ಹೆಸರು, ಪಾಸ್‌ವರ್ಡುಗಳು. ಅಷ್ಟರಿಂದಲೇ ಅದು ಲಕ್ಷಾಂತರ ಯಂತ್ರಗಳನ್ನು ವಶಮಾಡಿಕೊಂಡಿತು. ಆ ಅಕ್ಟೋಬರ್ 21ರಂದು ಈ ಸೇನೆ ಡಿನ್ ಎಂಬ ಹೆಸರು-ವಿಳಾಸ ಸೇವಾ ಕಂಪನಿಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ಸಿಗದೆ ಹೋದವು. ಇದನ್ನು ಸೃಷ್ಟಿಸಿದವರು ಯಾವುದೋ ಶತ್ರುದೇಶದ ಗೂಢಚಾರರಲ್ಲ, ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕನ್ ಯುವಕರು. 2017ರ ಡಿಸೆಂಬರಿನಲ್ಲಿ ಅವರು ತಪ್ಪೊಪ್ಪಿಕೊಂಡರೆಂಬ ವಿಷಯ ಬಹಿರಂಗವಾಯಿತು.

ನ್ಯಾಟ್‌ನ ಮುಚ್ಚಿದ ಗೇಟು ಅರಿವಿಲ್ಲದೆಯೇ ಅಸಂಖ್ಯ ಮನೆಗಳನ್ನು ಇಂಥವರಿಂದ ಕಾಪಾಡಿದೆ ಎಂಬುದನ್ನೂ ಒಪ್ಪಬೇಕು. ಆದ್ದರಿಂದ ತೆರೆಯುವವರು ಚಿಲಕದ ಜವಾಬ್ದಾರಿಯನ್ನೂ ಹೊರಬೇಕು. ರೌಟರಿನ ಹಾಗೂ ಸರ್ವರಿನ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸುವುದು, ಬೇಕಾದ ಎರಡು ಕಿಟಕಿಗಳ ಹೊರತು ಮೂರನೆಯದನ್ನು ತೆರೆಯದಿರುವುದು, ತಂತ್ರಾಂಶದ ತಿದ್ದುಪಡಿಗಳನ್ನು ಬಂದಂತೆ ಹಾಕಿಕೊಳ್ಳುವುದು, ಮನೆಯ ಲೆಕ್ಕಪತ್ರ, ಫೋಟೊಗಳಿರುವ ಕಂಪ್ಯೂಟರನ್ನೇ ಸರ್ವರ್ ಮಾಡದೆ ಅದಕ್ಕೊಂದು ಬೇರೆ ಯಂತ್ರ ಇಡುವುದು, ಒಂದು ಪ್ರತಿಯನ್ನು ಸದಾ ಬೇರೆಡೆ ಕಾದಿಡುವುದು, ಇವು ಮುಖ್ಯ ಎಚ್ಚರಿಕೆಗಳು. ಗೂಢಲಿಪಿಯ ರಕ್ಷಣೆಗೆ ಬೇಕಾದ ಪ್ರಮಾಣಪತ್ರಕ್ಕೆ ಹಿಂದೆ ಹಣ ತೆರಬೇಕಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರ ಕೊನೆಯಿಂದ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಮಲೆನಾಡಿನಲ್ಲಾದರೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು: ಗುಡುಗು ಮಿಂಚು ಶುರುವಾದರೆ ಪ್ಲಗ್ ಕಿತ್ತಿಡುವುದು!

ಬಾಡಿಗೆ ಅಂಗಳದ ಪಾಠ

ಇಷ್ಟೆಲ್ಲ ಪಡಿಪಾಟಲು ಏಕೆ, ಯಾವುದಾದರೂ ದೊಡ್ಡ ಕಂಪನಿಯ ತಾಣದಲ್ಲಿ ಪುಕ್ಕಟೆ ಜಾಗ ಸಿಗುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲ್ಲಿ ಕರೆಂಟು ಹೋಗುವುದಿಲ್ಲ, ಕಾವಲಿಗೆ ನುರಿತವರಿದ್ದಾರೆ. ಬಹಳಷ್ಟು ಕೆಲಸಗಳಿಗೆ ಅದೇ ಯೋಗ್ಯ. ಆದರೆ ಜಿಯೊಸಿಟೀಸ್‌ನ ಕಥೆಯನ್ನೂ ತಿಳಿದಿರುವುದು ಒಳ್ಳೆಯದು.

1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ತಾಣ ಜನರಿಗೆ ಉಚಿತವಾಗಿ ‘ನಿವೇಶನ’ ಹಂಚಿತು. ಅದರಲ್ಲಿ ವಿಷಯಕ್ಕೆ ತಕ್ಕಂತೆ ಬಡಾವಣೆಗಳು, ಪ್ರತಿ ಪುಟಕ್ಕೂ ಮನೆ ನಂಬರು. ಹವ್ಯಾಸಿಗಳು, ವಿದ್ಯಾರ್ಥಿಗಳು, ಗೃಹಿಣಿಯರು ತಮ್ಮ ಊರು, ವಂಶಾವಳಿ, ಅಂಚೆಚೀಟಿ, ಅಡುಗೆ ಎಂದು ಲಕ್ಷಗಟ್ಟಲೆ ಪುಟಗಳನ್ನು ಅಲ್ಲಿ ಕಟ್ಟಿದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು. ಹತ್ತು ವರ್ಷಗಳ ಬಳಿಕ, 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಕೆಲವು ಸ್ವಯಂಸೇವಕರು ಹಗಲಿರುಳು ದುಡಿದು ದೊಡ್ಡ ಭಾಗದ ಪ್ರತಿ ಉಳಿಸಿಕೊಂಡರು. ಹಾಗೆ ಉಳಿಯದ ಪುಟಗಳು ಹೋದವು. ಮನೆ ಎಂದು ಕರೆದದ್ದು ಬಾಡಿಗೆ ಅಂಗಳವಾಗಿತ್ತು ಎಂಬುದು ಅನೇಕರಿಗೆ ಅರಿವಾದದ್ದು ಆಗಲೇ.

ಮನೆಯ ಸರ್ವರ್ ಶಾಶ್ವತ ಎಂದು ಇದರ ಅರ್ಥವಲ್ಲ. ಅದಕ್ಕೂ ಗೆದ್ದಲು, ಸಿಡಿಲು, ಯಜಮಾನರ ವಯಸ್ಸು ಎಲ್ಲವೂ ಇವೆ. ವ್ಯತ್ಯಾಸ ಇಷ್ಟೇ: ಅದನ್ನು ಎಂದು ಮುಚ್ಚಬೇಕು ಎಂಬ ತೀರ್ಮಾನ ಮನೆಯವರದ್ದು. ನಮ್ಮ ಹಳೆಯ ಮನೆಗಳಿಗೆ ಜಗಲಿ ಎಂಬುದೊಂದಿತ್ತು. ಅದು ಪೂರ್ತಿ ಒಳಗೂ ಅಲ್ಲ, ಪೂರ್ತಿ ಬೀದಿಯೂ ಅಲ್ಲ. ದಾರಿಹೋಕ ಅಲ್ಲಿ ಕೂತು ನೀರು ಕುಡಿದು ಎರಡು ಮಾತಾಡಿ ಹೋಗಬಹುದಿತ್ತು, ನಡುಮನೆಗೆ ಬರುವಂತಿರಲಿಲ್ಲ. ಮನೆಯ ಸರ್ವರ್ ಅಂಥ ಜಗಲಿ. ಅದನ್ನು ಕಟ್ಟಲೇಬೇಕೆಂದಿಲ್ಲ. ಆದರೆ ಮನೆ ಎಂದ ಮೇಲೆ ಜಗಲಿ ಕಟ್ಟುವಷ್ಟು ಜಾಗ ಬೀದಿಯ ಕಡೆಗೆ ಇರಬೇಕು.

ಗೇಟು ಮುಚ್ಚಿದ್ದು ಜಾಲದ ಸ್ವಭಾವವಲ್ಲ, 1994ರ ತಾತ್ಕಾಲಿಕ ರಿಪೇರಿ ಎಂಬುದು ನೆನಪಿದ್ದರೆ ಸಾಕು. ಹೊಸ ಸಂಪರ್ಕ ಪಡೆಯುವಾಗ ವೇಗ ಎಷ್ಟು, ದರ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ‘ಈ ಮನೆಗೆ ಬೀದಿಗೆ ತೆರೆಯುವ ಬಾಗಿಲು ಉಂಟೇ?’ ಎಂದು ಇನ್ನೊಂದು ಪ್ರಶ್ನೆ ಕೇಳುವ ಹಕ್ಕು ಗ್ರಾಹಕನಿಗಿದೆ. ಕೇಳುವವರು ಹೆಚ್ಚಾದಷ್ಟೂ ಕೊಡುವವರು ಯೋಚಿಸುತ್ತಾರೆ.

ಮಲೆನಾಡಿನ ಆ ಯಜಮಾನರ ಮಳೆ ಪುಸ್ತಕ ಒಂದು ದಿನ ಹಾಗೆ ಬೀದಿಗೆ ಕಂಡರೆ, ಅವರೂ ಮೂಲೆಯ ಆ ಪುಟ್ಟ ಯಂತ್ರದ ಮೇಲೆ ಒಂದು ಚೀಟಿ ಅಂಟಿಸಬೇಕಾದೀತು: ಇದು ಸರ್ವರ್, ಯಾರೂ ಆಫ್ ಮಾಡಬೇಡಿ. ಅದರ ಕೆಳಗೆ ಇನ್ನೊಂದು ಸಾಲು: ಗುಡುಗು ಬಂದರೆ ಮಾತ್ರ ಮಾಡಬಹುದು.